ನನ್ನ ಮೈದುನನ ಹುಲ್ಲಿನ ರೂಟು

ನನ್ನ ಮೈದುನನಿಗೆ ಹುಲ್ಲಿನ ಮೇಲಿರುವಷ್ಟು ಮೋಹ ನಮ್ಮ ಮನೆಯ ಎತ್ತುಗಳಿಗೂ ಇರಲಿಲ್ಲ. ಎತ್ತಾದರೂ ಹೊಟ್ಟೆ ತುಂಬಿದ ಮೇಲೆ ಮಲಗಿ ಮೆಲುಕು ಹಾಕುತ್ತದೆ. ಇವನಿಗೆ ಅಷ್ಟೂ ಬುದ್ಧಿ ಇಲ್ಲ. ಬೆಳಿಗ್ಗೆ ಆರಕ್ಕೆ ಹುಲ್ಲು ಕೊಯ್ಯುವ ಮಶಿನ್ ಹಿಡಿದನೆಂದರೆ ಎಂಟರವರೆಗೆ ಅಂಗಳದಲ್ಲಿ ಗುರ್ ಗುರ್. ನಿನ್ನೆ ಕೊಯ್ದದ್ದನ್ನೇ ಇವತ್ತು ಕೊಯ್ಯುತ್ತಾನೆ, ಇವತ್ತು ಕೊಯ್ದದ್ದನ್ನು ನಾಳೆ. ಒಂದು ದಿನದಲ್ಲಿ ಹುಲ್ಲು ಎಷ್ಟು ಬೆಳೆದೀತು? ನನ್ನ ತಲೆಯಲ್ಲಿ ಉಳಿದ ಕೂದಲು ಅದಕ್ಕಿಂತ ಜಾಸ್ತಿ.

ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿದವನು. ಬೈಲಹೊಂಗಲದಿಂದ ಬೆಳಗಾವಿ, ಬೆಳಗಾವಿಯಿಂದ ಬೈಲಹೊಂಗಲ. ರಿಟೈರ್ ಆದ ದಿನ ಹಾರ ಹಾಕಿ ಬಸ್ಸಿನಿಂದ ಇಳಿಸಿದರು. ಅವನ ಕಾಲಿಗೆ ಮಾತ್ರ ಯಾರೂ ಆ ಸುದ್ದಿ ಹೇಳಲಿಲ್ಲ. ಊಟಕ್ಕೆ ಕುಳಿತರೂ ಬಲಗಾಲು ಬ್ರೇಕ್ ಹುಡುಕುತ್ತದೆ. ಮಂದಿಯ ಮನೆಗೆ ಹೋದರೆ ಕುರ್ಚಿಯ ತುದಿಯಲ್ಲಿ ಕುಳಿತು, ಚಹಾ ಬರುವ ಮುಂಚೆಯೇ ‘ಟೈಮ್ ಆತು’ ಅನ್ನುತ್ತಾನೆ. ಎಲ್ಲಿಗೆ ಟೈಮ್ ಆಯಿತೋ ಆ ಶಿವನೇ ಬಲ್ಲ.

ಬೈಲಹೊಂಗಲದ ಹೊರಗಿನ ಪ್ಲಾಟಿನಲ್ಲಿ ಅವನ ಮನೆ. ಮುಂದೆ ದೊಡ್ಡ ಅಂಗಳ. ಆ ಅಂಗಳದಲ್ಲಿ ಮಶಿನ್ ಓಡಿಸುವ ರೀತಿ ನೋಡಬೇಕು. ಮೈಮೇಲೆ ಹಳೆಯ ಖಾಕಿ ಅಂಗಿ. ಮನೆಯ ಪಾವಟಿಗೆಯ ಮೆಟ್ಟಿಲಿನಿಂದ ಹೊರಡುತ್ತಾನೆ. ಮಲ್ಲಿಗೆ ಬಳ್ಳಿಯ ಹತ್ತಿರ ನಿಲ್ಲುತ್ತಾನೆ, ಬಿಲ್ವದ ಪತ್ರಿ ಗಿಡದ ಹತ್ತಿರ ನಿಲ್ಲುತ್ತಾನೆ, ಕರಿಬೇವಿನ ಹತ್ತಿರ ನಿಲ್ಲುತ್ತಾನೆ. ನಿಂತಲ್ಲೆಲ್ಲ ‘ಮಲ್ಲಿಗಿ’, ‘ಪತ್ರಿ’, ‘ಕರಿಬೇವು’ ಎಂದು ಹೆಸರು ಹೇಳುತ್ತಾನೆ. ಹೊರಳುವಾಗ ಕೈ ಹೊರಗೆ ಚಾಚುತ್ತಾನೆ. ಹಿಂದಿನಿಂದ ಬರುವವರು ಯಾರು? ನಾಲ್ಕು ಕೋಳಿ.

ಪಕ್ಕದ ಮನೆಯ ಮಾಸ್ತರರು ಒಮ್ಮೆ ಕಂಪೌಂಡಿನ ಆಚೆಯಿಂದ ಕೇಳಿದರು: “ಯಾಕ್ರೀ, ಈ ಬಸ್ ಎಲ್ಲೀತನಕ ಹೊಕ್ಕೈತ್ರಿ?”

ಇವನು ಮಶಿನ್ ನಿಲ್ಲಿಸದೆ, “ಬಟ್ಟಿ ಒಗಿಯೋ ಕಲ್ಲಿನತನಕರಿ. ಅಲ್ಲಿಂದ ಮುಂದ ರೋಡ್ ಇಲ್ಲ” ಎಂದ.

ಮಾಸ್ತರರು ನಕ್ಕರು. ಇವನು ನಗಲಿಲ್ಲ.

ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಆ ಹುಲ್ಲಿಗೆ. ಅವನು ಅದನ್ನು ಲಾನ್ ಅನ್ನುತ್ತಾನೆ. ನಾನು ಕರಕಿ ಅನ್ನುತ್ತೇನೆ, ಪೇಟೆಯವರ ಗರಿಕೆ. ಕರಕಿ ಎಂದರೆ ಏನೆಂದು ಎರೆಹೊಲದವರನ್ನು ಕೇಳಬೇಕು. ಬೆರಳುದ್ದ ಬೇರು ಉಳಿದರೆ ಸಾಕು, ಮುಂದಿನ ಮಳೆಗೆ ಮಾರುದ್ದ ಹಬ್ಬಿ ಜೋಳವನ್ನು ನುಂಗುತ್ತದೆ. ನಮ್ಮ ಮಾವನವರು ನಮ್ಮೂರು ಕಟಕೋಳದ ಕೆಳಗಿನ ಹೊಲದ ಕರಕಿ ಅಗಿಸಲು ಎರಡು ಬೇಸಿಗೆ ಹೆಣಗಿದರು. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಲು ಹೋದರೆ ನನಗೆ ಅವರು ಹೇಳಿದ ಮಾತು, “ಬದುವಿನ ಕರಕಿ ನೋಡ್ಕೋಳವಾ.” ದೇವರ ಹೆಸರು ಅದಾದ ಮೇಲೆ.

ಅಂಥವರ ಮಗ, ಬೆಳಗಾವಿಯಿಂದ ಟೆಂಪೊದಲ್ಲಿ ಕರಕಿ ತರಿಸಿ ಅಂಗಳದ ತುಂಬ ಚಾಪೆಯ ಹಾಗೆ ಹಾಸಿದ. ನಾನು ಐವತ್ತು ವರ್ಷ ಕುರ್ಚಿಗಿ ಹಿಡಿದು ಕಳೆ ತೆಗೆದ ಕೈಯವಳು. ಹುಲ್ಲು ಕಂಡರೆ ನನ್ನ ಬೆರಳು ನನ್ನನ್ನು ಕೇಳುವುದಿಲ್ಲ. ಆ ಲಾನಿನ ಮೇಲೆ ಮೊದಲ ಸಲ ಕುಳಿತು ಚಹಾ ಕುಡಿದು ಎದ್ದಾಗ ನನ್ನ ಸುತ್ತ ಒಂದು ಮೊರದಗಲ ನೆಲ ಬೋಳಾಗಿತ್ತು. ಅವನು ಬಂದು ನೋಡಿದ.

“ವೈನಿ, ನೀವು ಇನ್ನ ಮ್ಯಾಲೆ ಕಟ್ಟೀ ಮ್ಯಾಲೆ ಕುಂಡರ್ರಿ.”

“ಯಾಕೋ ತಮ್ಮಾ, ನಾ ಏನ್ ಮಾಡಿದೆ?”

“ಏನಿಲ್ಲ. ಕೈ ಕಟ್ಟಿಕೊಂಡು ಕುಂಡರ್ರಿ.”

ನಾನು ಈ ಮನೆತನಕ್ಕೆ ಸೊಸೆಯಾಗಿ ಬಂದಾಗ ಮೂಗಿನಲ್ಲಿ ಸಿಂಬಳ ಇದ್ದವನು. ನನಗೆ ಕೈ ಕಟ್ಟಿ ಕೂಡಲು ಹೇಳುತ್ತಾನೆ.

ಈ ಸಲ ನಾನು ಬಂದದ್ದು ಚಹಾ ಕುಡಿಯಲು ಅಲ್ಲ. ನನ್ನ ನೆಗೆಣ್ಣಿ, ಅಂದರೆ ಅವನ ಹೆಂಡತಿ, ಫೋನ್ ಮಾಡಿದ್ದಳು. ಸಕ್ಕರೆ ಬೇನೆ ಅವಳ ಕಣ್ಣನ್ನು ತಿನ್ನುತ್ತ ಎರಡು ವರ್ಷವಾಯಿತು. ಬೆಳಗಾವಿಯ ಡಾಕ್ಟರು ಆಪರೇಶನ್ ಮಾಡಿ, ಉಳಿದಷ್ಟನ್ನು ಕಾಪಾಡಿಕೊಳ್ಳಿ ಎಂದು ಕಳಿಸಿದರು. ಉಳಿದದ್ದು ಬೆಳಕು, ನೆರಳು, ಅಷ್ಟೇ ಎಂದು ಮೈದುನ ಹೇಳುತ್ತಿದ್ದ. ಅವಳು ಮಾತ್ರ ತನ್ನ ಬಾಯಿಂದ ಏನೂ ಹೇಳಲಿಲ್ಲ. ಫೋನಿನಲ್ಲಿಯೂ ತೋಟದ ಸುದ್ದಿಯೇ.

“ಅಕ್ಕಾರ, ನಾಕು ದಿನ ಬಂದು ಹೋಗ್ರಿ. ಬದನಿಕಾಯಿ ಹೆಚ್ಚಾಕ ಕುಂತರ ಕೈಗೆ ಬರೇ ಹುಳಾನ ಹತ್ತತಾವ. ಇವರಂತೂ ಮಶಿನ್ ಬಿಟ್ಟು ಇಳಿಯಾಕ ತಯಾರಿಲ್ಲ.”

ಕಿತ್ತೂರಿಗೆ ಕೊಟ್ಟ ಅವರ ಮಗಳು, ಅವ್ವನ ಕೈ ಹಿಡಿದು ಅಡ್ಡಾಡಿಸಲು ಒಬ್ಬ ಹೆಂಗಸನ್ನು ಇಡೋಣ ಎಂದಿದ್ದಳಂತೆ. ನಾನು ಬಂದ ದಿನ ಆ ಮಾತು ಮತ್ತೆ ಎದ್ದಿತು. ನೆಗೆಣ್ಣಿ ಕುಳಿತಲ್ಲಿಂದಲೇ ಕಡ್ಡಿ ಮುರಿದ ಹಾಗೆ ಹೇಳಿದಳು.

“ಮನಿಯೊಳಗ ಗ್ವಾಡಿ ಹಿಡಕೊಂಡು ಅಡ್ಡಾಡತೇನಿ, ಅದಕ್ಕ ಯಾರ ಹಂಗೂ ಇಲ್ಲ. ಅಂಗಳದಾಗೂ ನನ್ನ ಕೈ ಯಾರೂ ಹಿಡೀಬ್ಯಾಡ್ರಿ. ಹೂ ಹರಿಯೂದು, ಪತ್ರಿ ತರೂದು, ಕರಿಬೇವು ತರೂದು, ಈ ಮೂರು ನನಗ ಬಿಡ್ರಿ. ಅದನ್ನೂ ಕಸಗೊಂಡ್ರ ನಾ ಈ ಮನಿಯಾಗ ಮನಶ್ಯಾಳಲ್ಲ, ಸಾಮಾನು.”

ಮೈದುನ ಎದ್ದು ಮಶಿನ್ ಒರೆಸಲು ಹೋದ.

ನಾನು ತೋಟ ನೋಡಿದೆ. ತೋಟವೇ ಅದು? ಬದನೆಯ ಎಲೆ ಜರಡಿಯಾಗಿತ್ತು. ಟೊಮ್ಯಾಟೊ ಗಿಡ ಕುಡಿದವರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ದಾಸವಾಳಕ್ಕೆ ಬಿಳಿ ಹೇನು. ಮಲ್ಲಿಗೆ ಸವರದೆ ಹೂವಿಗಿಂತ ಎಲೆಯೇ ಹೆಚ್ಚು. ನಡುವೆ ಕರಕಿ ಮಾತ್ರ ಮದುಮಗನ ಹಾಗೆ ದಿನಾ ಕ್ಷೌರ ಮಾಡಿಸಿಕೊಂಡು ಮಿಂಚುತ್ತಿತ್ತು. ಹೋದ ವರ್ಷ ದಸರೆಯ ಖಂಡೇ ಪೂಜೆಗೆ ಬಂದಾಗಲೇ ನಾನು ಇದನ್ನು ಕಂಡಿದ್ದೆ. ಅಂಗಳದ ಚೆಂಡುಹೂವನ್ನೆಲ್ಲ ಹರಿದು ಮಶಿನಿಗೆ ಹಾರ ಮಾಡಿದ್ದ. ದೇವರ ಜಗುಲಿಗೆ ಒಂದು ಹೂ ಉಳಿದಿರಲಿಲ್ಲ. ಕೇಳಿದರೆ, “ದೇವರು ಎಲ್ಲೆರ ಬ್ರೇಕ್ ಡೌನ್ ಆಗತಾನೇನ್ರಿ ವೈನಿ?” ಎಂದಿದ್ದ.

ನಾನು ಕರಾರು ಹಾಕಿದೆ. “ಒಂದಿನ ಮಶಿನ್, ಒಂದಿನ ಕುರ್ಚಿಗಿ. ಗಿಡಾನೂ ಜೀವಾನ.”

ಟೈಮ್ ಟೇಬಲ್ ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಹಬ್ಬ. ರಟ್ಟಿನ ಮೇಲೆ ಗೆರೆ ಎಳೆದು, ವಾರಗಳ ಹೆಸರು ಬರೆದು, ಪಡಸಾಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ. ನಾನು ಬೆರಳಿಟ್ಟು ಓದಿದೆ. ಸೋಮವಾರ ಲಾನ್. ಮಂಗಳವಾರ ಲಾನ್. ಬುಧವಾರ ಲಾನ್. ರವಿವಾರವೂ ಲಾನ್. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಕರೆಂಟ್ ಇಲ್ಲದಾಗ ಬದನಿ.’

ಅವನ ಮಶಿನ್ ಕರೆಂಟಿನದು. ಹಿಂದೆ ಉದ್ದ ವೈರ್ ಎಳೆದುಕೊಂಡು ಓಡಾಡುತ್ತದೆ. ಬೈಲಹೊಂಗಲದಲ್ಲಿ ಬೇಡವಾದಾಗೆಲ್ಲ ಹೋಗುವ ಕರೆಂಟು ನಾನು ಬಂದ ವಾರ ಹಟ ಹಿಡಿದು ಇತ್ತು. ಮೂರು ದಿನ ಕಾದೆ. ನಾಲ್ಕನೆಯ ದಿನ ಮೇನ್ ಸ್ವಿಚ್ಚನ್ನು ನಾನೇ ಕೆಳಗೆ ಎಳೆದೆ. ಮಶಿನ್ ಗಪ್. ಅವನು ಮುಖ ಸಣ್ಣಗೆ ಮಾಡಿಕೊಂಡು, ಕುರ್ಚಿಗಿ ಹಿಡಿದು ಬದನೆ ಸಾಲಿನಲ್ಲಿ ಕುಳಿತ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಸಮಾಧಾನಪಟ್ಟೆ. ಕಾಲು ತಾಸು ಆಗಿರಬೇಕು.

“ವೈನಿ, ಮಾಸ್ತರ ಮನ್ಯಾಗ ಫ್ಯಾನ್ ತಿರಗಾಕತ್ತೈತಿ.”

“ಅವರದು ಬ್ಯಾರೆ ಲೈನ್ ಇರಬೇಕೋ.”

“ಒಂದ ಕಂಬ ಐತ್ರಿ.”

“ಹಂಗಾರ ಗಾಳಿಗೆ ತಿರಗತಿರಬೇಕು.”

ಅವನು ಎದ್ದು ಬಂದು ಸ್ವಿಚ್ ಏರಿಸಿದ. ರಟ್ಟಿನ ಕೆಳಗೆ ಇನ್ನೊಂದು ಸಾಲನ್ನು ಗಟ್ಟಿಯಾಗಿ ಓದುತ್ತ ಬರೆದ: ‘ಮೇನ್ ಸ್ವಿಚ್ ಮುಟ್ಟಬಾರದು.’ ನೆಗೆಣ್ಣಿ ಒಳಗೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಷ್ಟೆಲ್ಲ ಮಾಡಿ ಕೊಯ್ದ ಹುಲ್ಲಾದರೂ ನೆಟ್ಟಗಿತ್ತೇ? ಅದೂ ಇಲ್ಲ. ಪಾವಟಿಗೆಯಿಂದ ಮಲ್ಲಿಗೆಯವರೆಗೆ, ಅಲ್ಲಿಂದ ಪತ್ರಿ ಗಿಡಕ್ಕೆ, ಅಲ್ಲಿಂದ ಕರಿಬೇವಿಗೆ, ಎರಡು ಮೊಳ ಅಗಲದ ಪಟ್ಟಿಯನ್ನು ನುಣ್ಣಗೆ ಕೊಯ್ಯುತ್ತಿದ್ದ. ಅದರ ಎರಡೂ ಬದಿಗೆ ಗೇಣೆತ್ತರದ ಹುಲ್ಲನ್ನು ಹಾಗೇ ಬಿಡುತ್ತಿದ್ದ. ಗಿಡದ ಬುಡದಲ್ಲಿ ದುಂಡಗೆ ಬೋಳು. ಅರ್ಧ ತಲೆ ಬೋಳಿಸಿ ನಾವಿ ಊಟಕ್ಕೆ ಎದ್ದು ಹೋದ ಹಾಗೆ ಇತ್ತು ಅಂಗಳ.

“ಇದೇನೋ ಇದು? ಕೊಯ್ದರ ಪೂರಾ ಕೊಯ್ಯಿ.”

“ಅದು ಹಂಗ ಇರಬೇಕ್ರಿ ವೈನಿ. ರೂಟ್ ಅದು.”

“ಯಾವ ಊರ ರೂಟು?”

“ನೀವು ಮುಟ್ಟಬ್ಯಾಡ್ರಿ, ಆತು.”

ಇನ್ನೊಂದು ಹುಚ್ಚು ಹೇಳುತ್ತೇನೆ. ಮಶಿನ್ ಹಿಡಿಯುವ ಮುಂಚೆ ಬರಿಗಾಲಲ್ಲಿ ಆ ಪಟ್ಟಿಯ ಮೇಲೆ ಒಂದು ಸುತ್ತು ನಡೆಯುತ್ತಿದ್ದ. ಕೆರೆಯಲ್ಲಿ ಆಳ ನೋಡುವವನ ಹಾಗೆ ನಿಧಾನಕ್ಕೆ. ನಡುನಡುವೆ ಬಗ್ಗಿ ಏನೋ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನ ಆ ಅಂಗಿ ಒಗೆಯಲು ಜೇಬಿಗೆ ಕೈ ಹಾಕಿದೆ. ಬೆರಳಿಗೆ ಚುಚ್ಚಿತು. ಪತ್ರಿ ಗಿಡದ ಮುಳ್ಳು, ಹಿಡಿ ತುಂಬ. ಬೇರೆ ಗಂಡಸರ ಜೇಬಿನಲ್ಲಿ ಬೀಡಿಯೋ ಅಡಿಕೆಯೋ ಇರುತ್ತದೆ. ಇವನದು ಮುಳ್ಳಿನ ಚಟ ಎಂದು ಬೈದು ಕಸಕ್ಕೆ ಚೆಲ್ಲಿದೆ.

ನೆಗೆಣ್ಣಿಯೂ ಕಡಿಮೆಯವಳಲ್ಲ. ದಿನಾ ಬೆಳಿಗ್ಗೆ ಮಶಿನ್ ನಿಂತ ಮೇಲೆ, ಚಪ್ಪಲಿಯನ್ನು ಪಾವಟಿಗೆಯ ಮೇಲೆ ಬಿಟ್ಟು, ಬುಟ್ಟಿ ಹಿಡಿದು ಇಳಿಯುವಳು. “ಸಕ್ಕರಿ ಬ್ಯಾನಿ ಇದ್ದಾಕಿ ಬರಿಗಾಲೀಲೆ ಅಡ್ಡಾಡಬಾರದವಾ” ಎಂದರೆ, “ಹುಲ್ಲು ಮೆತ್ತಗೈತ್ರಿ ಅಕ್ಕಾರ” ಅನ್ನುವಳು. ನೆಟ್ಟಗೆ ಮಲ್ಲಿಗೆಗೆ ಹೋಗುವಳು. ಬೆರಳಿನಿಂದ ತಡವಿ ಮೊಗ್ಗು ಹರಿಯುವಳು. ಅಲ್ಲಿಂದ ಪತ್ರಿಗೆ, ಅಲ್ಲಿಂದ ಕರಿಬೇವಿಗೆ. ಎಲ್ಲಿಯೂ ಎಡವಿದ್ದಿಲ್ಲ. ನಾನು ಮನಸ್ಸಿನಲ್ಲೇ ಅಂದುಕೊಂಡೆ: ಇವಳ ಕಣ್ಣು ಇವರು ಹೇಳುವಷ್ಟು ಕೆಟ್ಟಿಲ್ಲ. ಗಂಡಸರಿಗೆ ಎಲ್ಲವನ್ನೂ ದೊಡ್ಡದು ಮಾಡಿ ಹೇಳುವ ರೂಢಿ.

ಶ್ರಾವಣದ ಎರಡನೆಯ ರವಿವಾರ ಸವದತ್ತಿಯಲ್ಲಿ ಅವನ ಹಳೆಯ ಕಂಡಕ್ಟರನ ಮನೆಯ ವಾಸ್ತುಶಾಂತಿ. ಮುಂಜಾನೆ ಮಶಿನ್ ಓಡಿಸಿಯೇ ಹೊರಟ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ ಎಂದ. ಗೇಟಿನವರೆಗೆ ಹೋಗಿ ತಿರುಗಿ ಬಂದ.

“ವೈನಿ, ಹುಲ್ಲು ಮುಟ್ಟಬ್ಯಾಡ್ರಿ.”

“ಇಲ್ಲೋ ಮಾರಾಯಾ.”

ಮತ್ತೆ ಹೋಗಿ ಮತ್ತೆ ಬಂದ. “ಬದನಿ ನೋಡ್ಕೋರಿ. ಟೊಮ್ಯಾಟೊ ಕಟ್ರಿ. ಹುಲ್ಲು ಮಾತ್ರ…”

“ನಿನ್ನ ಬಸ್ ತಪ್ಪತೈತಿ, ಹೋಗು.”

ಬದನೆಯಿಂದಲೇ ಶುರು ಮಾಡಿದೆ, ಸುಳ್ಳು ಹೇಳುವುದಿಲ್ಲ. ಹುಳ ಬಿದ್ದ ಕುಡಿ ಚಿವುಟಿದೆ. ಟೊಮ್ಯಾಟೊಕ್ಕೆ ಕೋಲು ಕೊಟ್ಟೆ. ಮಲ್ಲಿಗೆ ಸವರಿದೆ. ಮಧ್ಯಾಹ್ನ ನೆಗೆಣ್ಣಿ ಊಟ ಮಾಡಿ ಮಲಗಿದಳು. ನನಗೆ ಕೆಲಸ ಮುಗಿದಿತ್ತು, ಕೈ ಮುಗಿದಿರಲಿಲ್ಲ. ಕಟ್ಟೆಯ ಮೇಲೆ ಕುಳಿತರೆ ಎದುರಿಗೆ ಆ ಗೇಣೆತ್ತರದ ಕರಕಿ ಗಾಳಿಗೆ ತೂಗುತ್ತ ನನ್ನನ್ನು ಅಣಕಿಸುತ್ತಿತ್ತು. ಒಂದು ಬದಿ ಅಷ್ಟೇ ಸವರೋಣ ಎಂದು ಕುಡುಗೋಲು ಹಿಡಿದೆ. ಒಂದು ಬದಿ ಆದ ಮೇಲೆ ಇನ್ನೊಂದು ಬದಿ ಸೊಟ್ಟ ಕಂಡಿತು. ಹೊತ್ತು ಮುಳುಗುವಷ್ಟರಲ್ಲಿ ಇಡೀ ಅಂಗಳ ತಾಟಿನ ಹಾಗೆ ಒಂದೇ ಸಮ. ಸೊಂಟ ಹಿಡಿದುಕೊಂಡು ನಿಂತು ನೋಡಿದೆ. ಮಾವನವರು ನೋಡಿದ್ದರೆ ಶಬ್ಬಾಶ್ ಅನ್ನುತ್ತಿದ್ದರು ಎನಿಸಿತು.

ಮರುದಿನ ಸೋಮವಾರ. ಲಿಂಗಕ್ಕೆ ಪತ್ರಿ ಬೇಕು. ನೆಗೆಣ್ಣಿ ಮಿಂದು, ಬುಟ್ಟಿ ಹಿಡಿದು ಇಳಿದಳು. ನಾನು ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಈಗ ಹೊಗಳುತ್ತಾಳೆ ಎಂದು ಕಾದೆ.

ಐದು ಹೆಜ್ಜೆ ಇಟ್ಟಳು. ನಿಂತಳು. ಬಲಗಾಲನ್ನು ಬದಿಗೆ ಚಾಚಿ ನೆಲ ಸವರಿದಳು. ಎಡಗಾಲನ್ನು ಚಾಚಿದಳು. ಹಿಂದೆ ಹೊರಳಿದಳು. ಹೊರಳಿದ್ದೇ ತಪ್ಪಾಯಿತು, ಪಾವಟಿಗೆ ಯಾವ ಕಡೆ ಎನ್ನುವುದೂ ಹೋಯಿತು. ಕೈ ಮುಂದೆ ಮಾಡಿಕೊಂಡು ನಡೆದು ಕಂಪೌಂಡಿಗೆ ಹಾಯ್ದಳು. ಬುಟ್ಟಿ ಬಿತ್ತು. ಗೋಡೆಗೆ ಅಂಗೈ ಹಚ್ಚಿ ನಿಂತಳು.

“ಅಕ್ಕಾರ,” ಅಂದಳು ಮೆಲ್ಲಗೆ, “ದಾರಿ ಎಲ್ಲಿ ಹೋತ್ರಿ?”

ನನ್ನ ಕೈಯಲ್ಲಿ ಬೂದಿ ಹಾಗೇ ಉಳಿಯಿತು. ಅವಳು ಇಷ್ಟು ದಿನ ಕಣ್ಣಿನಿಂದ ನಡೆದಿರಲಿಲ್ಲ. ಅಂಗಾಲಿನಿಂದ ನಡೆದಿದ್ದಳು. ನುಣುಪು ಸಿಕ್ಕರೆ ದಾರಿ, ಎತ್ತರ ತಾಗಿದರೆ ಬದಿ, ದುಂಡಗೆ ಬೋಳು ಸಿಕ್ಕರೆ ಗಿಡ ಬಂತು ಎಂದು ಲೆಕ್ಕ. ಪಟ್ಟಿಯನ್ನು ದಿನಾ ಕೊಯ್ಯದಿದ್ದರೆ ದಾರಿಯೂ ಬದಿಯೂ ಒಂದಾಗುತ್ತವೆ. ನಾನು ಒಂದೇ ಮಧ್ಯಾಹ್ನದಲ್ಲಿ ಒಂದು ಮಾಡಿ ಇಟ್ಟಿದ್ದೆ.

ಓಡಿ ಹೋಗಿ ಕೈ ಹಿಡಿದೆ. ಅವಳು ಕಿತ್ತುಕೊಂಡಳು.

“ಬ್ಯಾಡ್ರಿ. ನೀವು ಪತ್ರಿ ಗಿಡದ ಕಡೆ ಹೋಗಿ ನಿಂದ್ರಿ. ಅಲ್ಲಿಂದ ಮಾತಾಡ್ರಿ.”

“ಏನ್ ಮಾತಾಡ್ಲಿ?”

“ಏನರ. ಬೈರಿ. ಅದಂತೂ ನಿಮಗ ಬರತೈತಿ.”

ಪತ್ರಿ ಗಿಡದ ಕೆಳಗೆ ನಿಂತು ನಾನು ಬೈಯಲು ಶುರು ಮಾಡಿದೆ. ಮೊದಲು ಮೈದುನನಿಗೆ ಬೈದೆ, ರೂಟಿನ ಗುಟ್ಟು ಹೇಳದೆ ಮುಚ್ಚಿಟ್ಟದ್ದಕ್ಕೆ. ಆಮೇಲೆ ಇವಳಿಗೆ ಬೈದೆ, ಕಣ್ಣಿಲ್ಲದ್ದನ್ನು ತನ್ನ ಬಾಯಿಂದ ನನಗೂ ಹೇಳದಷ್ಟು ಸೊಕ್ಕು ಯಾಕೆ ಎಂದು. ಆಮೇಲೆ ನನಗೆ. ಅಷ್ಟೂ ಸಾಲದೆ ಕರಕಿಗೆ, ಕರೆಂಟಿಗೆ, ಬದನೆ ಹುಳಕ್ಕೆ. ಅವಳು ನನ್ನ ಬೈಗುಳವನ್ನು ಹಗ್ಗದ ಹಾಗೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಬಂದು ಗಿಡ ಮುಟ್ಟಿ, ಟೊಂಗೆ ಬಗ್ಗಿಸಿ, ಮೂರೆಸಳಿನ ಪತ್ರಿ ತಾನೇ ಹರಿದಳು. ಒಂದು ಮುಳ್ಳು ಅವಳ ಹಿಮ್ಮಡಿಗೆ ಚುಚ್ಚಿತು. ಅವತ್ತು ಮೊದಲ ಸುತ್ತು ನಡೆದವರು ಯಾರೂ ಇರಲಿಲ್ಲವಲ್ಲ.

ಪಾವಟಿಗೆಯ ಮೇಲೆ ಕೂರಿಸಿ ನಾನು ಮುಳ್ಳು ತೆಗೆದು ಅರಿಸಿನ ಒತ್ತುತ್ತಿರುವಾಗ ಗೇಟು ಸಪ್ಪಳವಾಯಿತು. ಮೈದುನ ಅಂಗಳ ನೋಡಿದ. ನನ್ನನ್ನು ನೋಡಿದ. ಹೆಂಡತಿಯ ಕಾಲು ನೋಡಿದ. ಬೈಯಲಿ ಎಂದು ಕಾದೆ. ಅವನು ಬಂದು ನಮ್ಮ ಪಕ್ಕದಲ್ಲಿ ಕುಳಿತ. ಮೊದಲ ಸಲ ಅವನ ಬಲಗಾಲು ಅಲುಗದೆ ನೆಲದ ಮೇಲೆ ಇತ್ತು.

“ಹೇಳಾಕೇನಾಗಿತ್ತೋ ನಿನಗ?”

“ರೂಟಿನ ಸುದ್ದಿ ಯಾರಿಗೂ ಹೇಳಬ್ಯಾಡ್ರಿ ಅಂದಿದ್ಲು.” ಅಂಗಳದ ಕಡೆ ಕೈ ಮಾಡಿ ಅಂದ, “ಮನಿಯಾಗ ಗ್ವಾಡಿ ಐತಿ. ಅಂಗಳದಾಗ ಗ್ವಾಡಿ ಕಟ್ಟಾಕ ಬರೂದಿಲ್ಲಲ್ರಿ ವೈನಿ.”

“ಮತ್ತ ಬೆಳೀಬೇಕಾರ ಎಷ್ಟ ದಿನ?”

“ಮಳಿ ಐತಿ. ಹದಿನೈದು ದಿನ.”

“ಅಲ್ಲೀಮಟ?”

ನೆಗೆಣ್ಣಿ ನಡುವೆ ಬಾಯಿ ಹಾಕಿದಳು. “ಅಲ್ಲೀಮಟ ಅಕ್ಕಾರು ಕಂಡಕ್ಟರ್ ಆಗತಾರ. ಗಂಟಲಾ ಛೊಲೋ ಐತಿ.”

ಕಟಕೋಳಕ್ಕೆ ಹೋಗಲು ಕಟ್ಟಿಟ್ಟ ಗಂಟನ್ನು ಬಿಚ್ಚಿದೆ. ಈಗ ಬೆಳಿಗ್ಗೆ ಅವನು ಬರಿಗಾಲಲ್ಲಿ ಮುಳ್ಳು ಹುಡುಕುತ್ತಾನೆ, ಪಟ್ಟಿಯನ್ನಷ್ಟೇ ಕೊಯ್ಯುತ್ತಾನೆ. ಆಮೇಲೆ ಕುರ್ಚಿಗಿ ಹಿಡಿದು ಬದನೆಗೆ ಇಳಿಯುತ್ತಾನೆ. ಯಾರೂ ಸ್ವಿಚ್ ತೆಗೆಯುವ ಅಗತ್ಯವಿಲ್ಲ. ನಾನು ಮಲ್ಲಿಗೆ, ಪತ್ರಿ, ಕರಿಬೇವು ಎಂದು ನಿಂತಲ್ಲಿಂದ ಕೂಗುತ್ತೇನೆ, ನಡುವೆ ನಾಲ್ಕು ಬೈಗುಳ ಸೇರಿಸಿ. ಮಾಸ್ತರರು ಕಂಪೌಂಡಿನಾಚೆ ನಿಂತು ನೋಡುತ್ತಾರೆ. ಬಸ್ಸು ಎಲ್ಲಿಯವರೆಗೆ ಎಂದು ಕೇಳುವುದಿಲ್ಲ.

ನೆಗೆಣ್ಣಿ ಒಳಗೆ ಪೂಜೆಗೆ ಕುಳಿತ ಮೇಲೆ ನನಗೆ ಇನ್ನೊಂದು ಕೆಲಸ ಇದೆ. ಮಳೆ ಬಾರದ ದಿನ ತಂಬಿಗೆಯಲ್ಲಿ ನೀರು ಹಿಡಿದು ಪಟ್ಟಿಯ ಎರಡೂ ಬದಿಗೆ ಹೋಗುತ್ತೇನೆ. ನಾನು ಕುಡುಗೋಲು ಆಡಿಸಿದ ಕಡೆಯೆಲ್ಲ ಬಗ್ಗಿ, ಒಂದೊಂದೇ ಬುಡಕ್ಕೆ ನೀರು ಬಿಟ್ಟು, ಏಳು, ಲಗೂ ಏಳು ಎಂದು ಕರಕಿಗೆ ಹೇಳುತ್ತೇನೆ. ಮಾವನವರು ಮೇಲಿನಿಂದ ನೋಡುತ್ತಿದ್ದರೆ ಆ ಹೊತ್ತು ಸ್ವಲ್ಪ ಅತ್ತ ಮುಖ ಮಾಡಿಕೊಳ್ಳಲಿ.